ಕೇಳದೆ ಹಚ್ಚಿದ ಕೈ

“ಗುರುಗಳೇ, ಮುರಿದದ್ದನ್ನು ಕೂಡಿಸುವುದಕ್ಕಿಂತ ದೊಡ್ಡ ಪುಣ್ಯ ಬೇರೆ ಉಂಟೇ?”

ಶಿಷ್ಯ ಆ ದಿನ ಪಾಠಕ್ಕೆ ತಡವಾಗಿ ಬಂದಿದ್ದ. ತಡವಾದ ಕಾರಣವನ್ನೂ ಅವನೇ ಹೇಳಿದ. ಅವನ ತಂಗಿ ಗಂಡನ ಮನೆಯಿಂದ ಮುನಿಸಿಕೊಂಡು ಬಂದು ಎಂಟು ದಿನ ತವರಿನಲ್ಲಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೈಗೆ ಏನೋ ಪೆಟ್ಟಾಗಿತ್ತು, ಅರಿಸಿನ ಹಚ್ಚಿ ಬಟ್ಟೆ ಕಟ್ಟಿದ್ದರು. ಗಂಡನದು ಹೊಳೆಯಾಚೆ ಊರಿನ ಸಿರಿವಂತರ ಮನೆ, ಇವರದು ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ ಎಂಬಂಥ ಮನೆ. ತಂಗಿ ಒಂದೆರಡು ಸಲ ಏನೋ ಹೇಳಲು ಬಂದಳು. ಗಂಡನ ಮನೆಯ ಮಾತು ತವರಿನಲ್ಲಿ ಆಡಬಾರದೆಂದು ಅಣ್ಣ ತಡೆದ. ಬುದ್ಧಿ ಹೇಳಿ, ಉಡಿ ತುಂಬಿಸಿ, ಈಗಷ್ಟೇ ಅವಳನ್ನು ಎತ್ತಿನ ಗಾಡಿ ಹತ್ತಿಸಿ ಬಂದಿದ್ದ. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವನ ಸಮಾಧಾನವಿತ್ತು.

ಗುರುಗಳು ಆ ಮುಖವನ್ನು ನೋಡಿದರು. ಅವನು ಒಳಗೆ ಬಂದು ಚಾಪೆ ಹಾಸಲು ಹೋದಾಗ ತಡೆದರು.

“ಅಲ್ಲೇ ಹೊಸ್ತಿಲ ಬಳಿ ಕುಳಿತುಕೋ. ಕತೆ ಚಿಕ್ಕದು,” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಎಲುಬು ಕೂಡಿಸುವವನೊಬ್ಬನಿದ್ದ. ಮರದಿಂದ ಬಿದ್ದವರು, ಎತ್ತಿನಿಂದ ಹಾಯಿಸಿಕೊಂಡವರು, ಸುತ್ತ ಹತ್ತೂರಿನ ಜನ ಅವನ ಬಾಗಿಲಿಗೆ ಬರುತ್ತಿದ್ದರು. ಉದ್ದಿನ ಹಿಟ್ಟು ಬಳಿದು, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ ಕಟ್ಟಿದನೆಂದರೆ ನಲವತ್ತು ದಿನಕ್ಕೆ ಎಲುಬು ಕೂಡಲೇಬೇಕು. ಪ್ರತಿಫಲ ಮುಟ್ಟಿದರೆ ಕೈಗುಣ ಹೋಗುತ್ತದೆಂದು ಅವನ ಮನೆತನದ ನಂಬಿಕೆ. ಹಾಗಾಗಿ ಕೈಗುಣ ಉಳಿದಿತ್ತು, ಮನೆಯಲ್ಲಿ ಮತ್ತೇನೂ ಉಳಿದಿರಲಿಲ್ಲ.

ಅವನ ಅಪ್ಪ ವಿದ್ಯೆ ಕೊಡುವಾಗ ಒಂದೇ ಕಟ್ಟಳೆ ಹಾಕಿದ್ದ: ಹೇಗೆ ಮುರಿಯಿತೆಂದು ಕೇಳದೆ ಕೈ ಹಚ್ಚಬೇಡ. ಬಿದ್ದು ಮುರಿದ ಎಲುಬು ಬೇರೆ, ಹೊಡೆತಕ್ಕೆ ಮುರಿದ ಎಲುಬು ಬೇರೆ. ಅದು ಹೋದ ದಾರಿ ಗೊತ್ತಿಲ್ಲದೆ ತಿರುಗಿ ಕರೆತರಲಾಗದು. ಅವನು ಆ ಕಟ್ಟಳೆಯನ್ನು ಒಮ್ಮೆಯೂ ಮೀರಿರಲಿಲ್ಲ. ಊರ ಗೌಡ ಬಂದರೂ ಕೇಳುತ್ತಿದ್ದ, ಕಳ್ಳ ಬಂದರೂ ಕೇಳುತ್ತಿದ್ದ. ಕುಡಿದು ಬಿದ್ದವನು ನಾಚಿಕೆಗೆ ಸುಳ್ಳು ಹೇಳಿದರೆ, ಎಲುಬಿನ ಮೇಲೆ ಬೆರಳಾಡಿಸಿ ನಗುತ್ತಿದ್ದ. ಬಾಯಿ ಸುಳ್ಳಾಡಬಹುದು, ಎಲುಬಿಗೆ ಆ ವಿದ್ಯೆ ಬಾರದು.

ಅವನಿಗೊಬ್ಬಳೇ ಮಗಳು, ಹದಿನೆಂಟರ ಹುಡುಗಿ. ಈ ಕತೆಯಲ್ಲಿ ಉಳಿದವರ ಹೆಸರು ಬೇಡ, ಅವಳದೊಂದು ಹೇಳುತ್ತೇನೆ. ಗಂಡನ ಮನೆಯಲ್ಲಿ ಆ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ನಿಂಬೆವ್ವ.

ಒಂದು ದಿನ ಬೇರೆ ಊರಿನ ಹತ್ತಿ ವ್ಯಾಪಾರಿ ತಾನಾಗಿಯೇ ಬಂದು ತನ್ನ ಮಗನಿಗೆ ನಿಂಬೆವ್ವನನ್ನು ಕೇಳಿದ. ಆ ಮಗನ ಮೊದಲ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಸಿರಿವಂತರ ಮಗಳು, ಮೂಗಿನ ತುದಿಯಲ್ಲೇ ಸಿಟ್ಟು, ಅದಕ್ಕೇ ಬಾಳುವೆ ಮಾಡಲಿಲ್ಲ ಎಂದು ಜನ ಆಡಿಕೊಂಡಿದ್ದರು. ಜನಕ್ಕೇನು, ನಾಲಿಗೆಗೆ ಎಲುಬಿಲ್ಲ.

“ಅಂಬಲಿ ಕುಡಿಯೋರ ಮನೀಗೆ ಯಾಕ ಬಂದ್ರಿ ಸಾವ್ಕಾರ್ರ? ನಿಮಗ ಕೊಡಾಕ ನನ್ನ ಹತ್ರ ಏನೈತಿ?” ಎಂದ ಎಲುಬು ಕೂಡಿಸುವವನು.

“ನಮಗೇನೂ ಬ್ಯಾಡ,” ಎಂದ ವ್ಯಾಪಾರಿ. “ನಿಮ್ಮ ಕೈಗುಣ ನೋಡಿ ಬಂದೇನಿ.”

ಬಡವನ ಎದೆ ಉಬ್ಬಿತು. ಅವನ ವಿದ್ಯೆಗೆ ಅಷ್ಟು ದೊಡ್ಡ ಮರ್ಯಾದೆಯನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಮದುವೆ ವ್ಯಾಪಾರಿಯ ವಾಡೆಯ ಅಂಗಳದಲ್ಲೇ ಆಯಿತು. ಊಟದ ಪಂಕ್ತಿಯಲ್ಲಿ ಹೆಣ್ಣಿನ ತಂದೆಯನ್ನು ಎಲ್ಲರಿಗಿಂತ ಕೊನೆಗೆ ಕೂರಿಸಿದರು, ಅವನಿಗೆ ಅದೂ ಹೆಚ್ಚೇ ಅನಿಸಿತು. ಮಗಳನ್ನು ಆ ಮನೆಯವರು ದಬ್ಬೆಯವನ ಮಗಳು ಎಂದು ಕರೆದರು. ಅದೂ ಅವನ ಕಿವಿಗೆ ಬಿತ್ತು. ಸುಳ್ಳೇನೂ ಅಲ್ಲವಲ್ಲ ಎಂದುಕೊಂಡ.

ನಾಲ್ಕು ತಿಂಗಳಿಗೆ ವ್ಯಾಪಾರಿಯ ಗಾಡಿ ಬಂತು. ಅದರಲ್ಲಿ ನಿಂಬೆವ್ವ ಇದ್ದಳು, ಅವಳ ಎಡಗೈ ಊದಿತ್ತು. ಬಾವಿಯ ಮೆಟ್ಟಿಲಲ್ಲಿ ಜಾರಿದಳೆಂದು ಜೊತೆಗೆ ಬಂದ ಆಳು ಹೆಂಗಸು ಹೇಳಿದಳು. ಅಪ್ಪ ಮುಂಗೈ ಹಿಡಿದು ಬೆರಳಾಡಿಸಿದ. ಬೀಳುವವರು ನೆಲಕ್ಕೆ ಕೈ ಊರುತ್ತಾರೆ, ಅವರ ಎಲುಬು ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ತಲೆಯ ಮೇಲೆ ಬರುವ ಏಟಿಗೆ ಅಡ್ಡ ಹಿಡಿದ ಕೈ ನಟ್ಟನಡುವೆ ಮುರಿಯುತ್ತದೆ. ಮಗಳ ಕೈ ನಟ್ಟನಡುವೆ ಮುರಿದಿತ್ತು.

ಅವನ ಬೆರಳಿಗೆ ಎಲ್ಲ ತಿಳಿದುಹೋಯಿತು. ಮಗಳು ಅವನ ಬಾಯನ್ನೇ ನೋಡುತ್ತಿದ್ದಳು. ಅಪ್ಪ ಈಗ ಕೇಳುತ್ತಾನೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಕಾದಿದ್ದಳು. ಅವನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಆ ದೊಡ್ಡ ಮನೆಯ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ವಿದ್ಯೆ ಕಲಿತಾಗಿನಿಂದ ಅದೇ ಮೊದಲ ಸಲ ಅವನು ಕೇಳದೆ ಕೈ ಹಚ್ಚಿದ.

ಕಟ್ಟು ಚೆನ್ನಾಗಿ ಕೂತಿತು. ನಲವತ್ತು ದಿನಕ್ಕೆ ಬಿಚ್ಚಿ ನೋಡಿದರೆ ಮುರಿದ ಜಾಗ ಅವನ ಬೆರಳಿಗೇ ಸಿಗಲಿಲ್ಲ. ಒಂದು ಗಳಿಗೆ ಅವನಿಗೆ ಹೆಮ್ಮೆಯೂ ಆಯಿತು. ಹೇಳಲು ನನಗೇ ನಾಚಿಕೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನೆರೆಯವರು ಅಂದರು. ಆ ಗಾದೆ ಕಟ್ಟಿದವನು ಉಂಡು ಮಲಗಿದವನೇ ಇರಬೇಕು, ಪೆಟ್ಟು ತಿಂದು ಎಚ್ಚರವಿದ್ದವಳಂತೂ ಅಲ್ಲ. ಅಪ್ಪ ಮಗಳನ್ನು ಗಾಡಿ ಹತ್ತಿಸಿದ.

ಮತ್ತೆ ಗಾಡಿ ಬಂತು. ಈ ಸಲ ಹೆಗಲಿನ ಎಲುಬು. ಮನೆಗೆ ದೊಡ್ಡವರು ಬಂದಿದ್ದಾಗ ಇವಳು ಆಳುಗಳ ಸಾಲಿನಲ್ಲಿ ಕೂತು ಉಣ್ಣುತ್ತಿದ್ದಳಂತೆ, ಅದು ಗಂಡನ ಕಣ್ಣಿಗೆ ಬಿತ್ತಂತೆ ಎಂದು ಆಳು ಹೆಂಗಸು ಗಾಡಿಯ ಮರೆಯಲ್ಲಿ ಪಿಸುಗುಟ್ಟಿದಳು. ಅಪ್ಪ ಕೇಳಿಸದವನಂತೆ ಒಳಗೆ ಹೋದ. ಕಟ್ಟು ಬಿಗಿಯುತ್ತ, ದೊಡ್ಡವರ ಮನೆಯಲ್ಲಿ ತಗ್ಗಿ ಬಗ್ಗಿ ನಡೆಯಬೇಕೆಂದು ಮಗಳಿಗೆ ಬುದ್ಧಿ ಹೇಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

“ಮುಂಜಾನೆ ಯಾರೋ ಆಡು ತಂದಿದ್ರಲ್ಲಪ್ಪಾ,” ಎಂದಳು ಆಮೇಲೆ. “ಅದರ ಕಾಲು ಹೆಂಗ ಮುರೀತಂತ ಕೇಳಿದಿ.”

ಅಪ್ಪ ತಲೆ ಎತ್ತಲಿಲ್ಲ. “ಕೊಟ್ಟ ಹೆಣ್ಣು ಕುಲಕ್ಕ ಹೊರಗವ್ವಾ,” ಎಂದ. ಅದೂ ಗಾದೆಯೇ. ಕಟ್ಟು ಬಿಚ್ಚಿದ ದಿನ ನಿಂಬೆವ್ವ ಯಾರೂ ಹೇಳುವ ಮೊದಲೇ ಹೋಗಿ ಗಾಡಿಯಲ್ಲಿ ಕೂತಳು.

ಮೂರನೆಯ ಸಲ ಗಾಡಿ ಬರಿದೇ ಬಂತು. ದಬ್ಬೆ, ಬಟ್ಟೆ ತೆಗೆದುಕೊಂಡು ಬರಬೇಕಂತೆ ಎಂದು ಗಾಡಿಯವನು ಹೇಳಿದ, ಬೇರೇನೂ ಹೇಳಲಿಲ್ಲ. ಎಲುಬು ಕೂಡಿಸುವವನು ಚೀಲವನ್ನು ಎದೆಗವಚಿಕೊಂಡು ಕೂತ. ಈ ಸಲ ಕೇಳಿಯೇ ಬಿಡುತ್ತೇನೆ, ಕೇಳಿ ಮಗಳನ್ನು ಮನೆಗೆ ಕರೆತರುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ವಾಡೆಯ ಪಡಸಾಲೆಯಲ್ಲಿ ವ್ಯಾಪಾರಿ ಗಾದಿಯ ಮೇಲೆ ಕೂತಿದ್ದ. ಮಗ ಕಂಬಕ್ಕೆ ಒರಗಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ಇಪ್ಪತ್ತೆರಡರ ಹುಡುಗ, ನೋಡಲು ಲಕ್ಷಣವಾಗಿದ್ದ. ಅವನ ಕೈ ನಡುಗುತ್ತಿರಲಿಲ್ಲ.

“ಒಳಗದಾಳ, ನೋಡ್ರಿ,” ಎಂದ ವ್ಯಾಪಾರಿ. “ಈ ಸಲ ಸ್ವಲ್ಪ ಜಾಸ್ತಿ ಆದಂಗ ಐತಿ.”

ಎಲುಬು ಕೂಡಿಸುವವನು ನಿಂತಲ್ಲೇ ನಿಂತ. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿದ. “ಸಾವ್ಕಾರ್ರ, ನನ್ನ ಮಗಳು ಏನ್ ತಪ್ಪು ಮಾಡ್ಯಾಳ್ರಿ?”

ವ್ಯಾಪಾರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವನು ಸಿಟ್ಟಿಗೇಳಲಿಲ್ಲ. ತಿಳಿಯದವನಿಗೆ ತಿಳಿಹೇಳುವಂತೆ ನಿಧಾನವಾಗಿ ಹೇಳಿದ.

“ತಪ್ಪು ಯಾಕ ಮಾಡ್ತಾಳ? ನನ್ನ ಮಗನ ಕೈ ಸ್ವಲ್ಪ ಜೋರು. ಮೊದಲಿನಾಕಿ ದೊಡ್ಡವರ ಮಗಳು. ಒಂದು ಬೆರಳು ಮುರದಿದ್ದಕ್ಕ ಆಕೀ ಅಣ್ಣತಮ್ಮರು ಏಳು ಗಾಡಿ ಕಟಗೊಂಡು ಬಂದು, ಊರ ಮುಂದ ನನ್ನ ಮಾನ ತಗದು, ಕರಕೊಂಡು ಹ್ವಾದ್ರು. ಅದಕ್ಕ ನಿಮ್ಮ ಮನೀಗೆ ಬಂದ್ವಿ. ಮುರದ್ರ ನೀವ ಕೂಡಸ್ತೀರಿ, ಮಾತು ಹೊರಗ ಹೋಗೂದಿಲ್ಲ. ನಿಮ್ಮ ಕೈಗುಣ ನೋಡಿ ಬಂದೇನಿ ಅಂತ ಅವತ್ತ ಹೇಳಿದ್ನಲ್ರಿ.”

ಎಲುಬು ಕೂಡಿಸುವವನಿಗೆ ಆಗ ತಿಳಿಯಿತು. ಮತ್ತೆ ಮುರಿಯಲು ಬರುವಂತೆ ಮಗಳನ್ನು ಎರಡು ಸಲ ಸರಿಮಾಡಿ ಕಳಿಸಿದವನು ತಾನೇ.

ಒಳಕೋಣೆಯಲ್ಲಿ ನಿಂಬೆವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಪ್ಪ ಪಕ್ಕದಲ್ಲಿ ಕೂತ. ಚೀಲ ಬಿಚ್ಚಲಿಲ್ಲ. ಈ ಸಲ ಅವನು ಕಟ್ಟಳೆ ಮೀರಲಿಲ್ಲ. ಕೈ ಹಚ್ಚುವ ಮೊದಲು ಕೇಳಿದ.

“ಹೆಂಗ ಮುರೀತವ್ವಾ?”

ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದ. ಆಮೇಲೆ ಕೈ ಹಚ್ಚಿದ. ಮುರಿದದ್ದು ಕುತ್ತಿಗೆ. ಮೈ ಆಗಲೇ ತಣ್ಣಗಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೊಸ್ತಿಲ ಬಳಿಯಿಂದ ಅರ್ಧ ಎದ್ದಿದ್ದ.

“ಆ ತಂದೆ ಆಮೇಲೆ ಏನು ಮಾಡಿದ ಗುರುಗಳೇ?” ಎಂದು ಕೇಳಿದ.

ಗುರುಗಳು ಎದ್ದು ಹೊಸ್ತಿಲಿಗೆ ಬಂದು ದಾರಿಯ ಕಡೆ ನೋಡಿದರು.

“ಗಾಡಿ ಇನ್ನೂ ಹೊಳೆ ದಾಟಿರಲಾರದು,” ಎಂದರು.