ಕೈಬಿಟ್ಟ ಹನ್ನೊಂದು ಫಾರಂ

ಮಲ್ಲಿನಾಥ ಎಂಬ ಸಂಶೋಧಕನಿಗೆ ಕಂಪ್ಯೂಟರ್ ಎಂದರೆ ಪಂಚಪ್ರಾಣ. ಸಾವಿರ ಜನರ ಮಾತನ್ನು ಅದರ ಹೊಟ್ಟೆಗೆ ಹಾಕಿ, ಒಂದು ಊರಿನ ಸುಖದುಃಖವನ್ನು ನಾಲ್ಕು ಗೆರೆಯಲ್ಲಿ ಬಿಡಿಸಿ ತೋರಿಸುತ್ತಿದ್ದ. ಜಾಣನೇ, ಅನುಮಾನವಿಲ್ಲ. ಆತುರ ಮಾತ್ರ ಸ್ವಲ್ಪ ಹೆಚ್ಚು.

ಹೊಳೆಯ ಈಚೆ ದಂಡೆಯಲ್ಲಿ ಎರಡು ಊರು, ಹೊಳೆಯ ನಡುವೆ ಒಂದು ನಡುಗಡ್ಡೆ. ಮೂರೂ ಕಡೆಯ ಮಕ್ಕಳು ಹರಿಗೋಲಿನಲ್ಲಿ ಕೂತು ಆಚೆ ದಂಡೆಯ ಶಾಲೆಗೆ ಹೋಗಬೇಕು. ಸರ್ಕಾರ ಕೊಡುವುದು ಒಂದೇ ಸೇತುವೆ. ಎಲ್ಲಿ ಅಪಾಯ ಹೆಚ್ಚೋ ಅಲ್ಲಿ ಕಟ್ಟುವುದು ಎಂದಾಯಿತು. ಅದನ್ನು ಕಂಡುಹಿಡಿಯುವ ಕೆಲಸ ಮಲ್ಲಿನಾಥನಿಗೆ ಬಂತು.

ಫಾರಂ ಹಿಡಿದು ಮನೆಮನೆಗೆ ಹೋದ. "ಹೊಳೆ ದಾಟೋವಾಗ ನಿಮ್ಮ ಮನ್ಯಾಗ ಯಾರಾದ್ರೂ ಮುಳುಗ್ಯಾರೇನು?" ಎಂದು ಕೇಳಿದ. ದಂಡೆಯ ಊರವರು ಎಂದೋ ಮುಳುಗಿದವರ ಹೆಸರನ್ನು ಪಟಪಟನೆ ಹೇಳಿದರು. ನಡುಗಡ್ಡೆಯ ಹನ್ನೊಂದು ಮನೆಗಳಲ್ಲಿ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನಾದರು. ದೇವಕ್ಕ ಎಂಬಾಕೆ ಎದ್ದು ಒಳಗೇ ಹೋಗಿಬಿಟ್ಟಳು. ಮಲ್ಲಿನಾಥ ಉತ್ತರದ ಜಾಗ ಖಾಲಿ ಬಿಟ್ಟು ಮುಂದಿನ ಮನೆ ಹಿಡಿದ.

ಅವನ ಗುರು ನೀಲಾಂಬಿಕಾ ಮೇಡಂ ಫಾರಂಗಳನ್ನು ತಿರುವಿ ನೋಡಿದರು. "ಈ ಹನ್ನೊಂದು ಮನೀಗೆ ಇನ್ನೊಮ್ಮೆ ಹೋಗಿ ಬಾರಪ್ಪ. ಯಾಕ ಸುಮ್ಮನಾದ್ರು ಕೇಳು."

"ನಾಡಿದ್ದು ವರದಿ ಕೊಡಬೇಕ್ರಿ ಮೇಡಂ. ಅರೆಬರೆ ಫಾರಂ ಕಂಪ್ಯೂಟರೇ ತೆಗೆದು ಹಾಕ್ತದ. ಲೆಕ್ಕ ಏನೂ ತಪ್ಪಂಗಿಲ್ರಿ."

ಲೆಕ್ಕ ತಪ್ಪಲಿಲ್ಲ. ಆ ಹನ್ನೊಂದು ಮನೆ ಬಿಟ್ಟರೆ ನಡುಗಡ್ಡೆಯಲ್ಲಿ ಯಾರೂ ಮುಳುಗಿರಲಿಲ್ಲ. ಇಲ್ಲಿ ಅಪಾಯವಿಲ್ಲ ಎಂದಿತು ಕಂಪ್ಯೂಟರ್. ಸೇತುವೆ ದಂಡೆಯ ಒಂದು ಊರಿಗೆ ಹೋಯಿತು.

ಮರುವರ್ಷ ಹೊಳೆ ತುಂಬಿ ನಡುಗಡ್ಡೆಯ ಹರಿಗೋಲು ಮಗುಚಿತು. ದೇವಕ್ಕನ ಮಗಳು ರೇಣವ್ವ ಸಿಗಲೇ ಇಲ್ಲ. ಎಂಟು ವರ್ಷದ ಹುಡುಗಿ.

ಸುದ್ದಿ ಕೇಳಿ ಮಲ್ಲಿನಾಥ ನಡುಗಡ್ಡೆಗೆ ಓಡಿಹೋದ. ದೇವಕ್ಕ ಹೊಸ್ತಿಲ ಬಳಿ ಕೂತಿದ್ದಳು.

"ಯವ್ವಾ, ಅವತ್ತು ನಾ ಕೇಳಿದಾಗ ಒಂದು ಮಾತು ಹೇಳಬಾರದಿತ್ತೇನು?"

ಆಕೆ ಬೈಯಲಿಲ್ಲ. "ಅವತ್ತಿಗೆ ನನ್ನ ಹಿರೀಮಗ ಹೊಳ್ಯಾಗ ಹೋಗಿ ಒಂದು ತಿಂಗಳಾಗಿತ್ತು ತಮ್ಮಾ. ಸುಮ್ಮನಾದ ಬ್ಯಾರೆ ಮನ್ಯಾಗೂ ಇದೇ ಗೋಳು. ಬಾಯಿಗೆ ಮಾತು ಬರಲಿಲ್ಲ. ಮರುದಿನ ಹೇಳಬೇಕಂತ ದಾರಿ ಕಾದೆ. ಮೂರು ದಿನ ಕಾದೆ. ನೀ ಬರಲೇ ಇಲ್ಲ."

ಮಲ್ಲಿನಾಥ ಅಲ್ಲೇ ಕೂತು ಅತ್ತ. ಅವನು ಎಷ್ಟು ಅತ್ತರೇನು, ರೇಣವ್ವ ಬರುತ್ತಾಳೆಯೇ?

ನೀತಿ: ತುಂಬಾ ನೊಂದವರಿಗೆ ಬೇಗ ಮಾತು ಬರುವುದಿಲ್ಲ. ಅವರ ಬಾಗಿಲಿಗೆ ಎರಡನೆಯ ಸಲ ಹೋಗದೆ ಹಾಕಿದ ಲೆಕ್ಕ, ಎಷ್ಟೇ ಸರಿಯಾಗಿದ್ದರೂ, ಅನ್ಯಾಯವೇ.