ಮುಂದಿನ ಎಲೆ

ನದಿಯ ದಡದ ಆಶ್ರಮದಲ್ಲಿ ಭಾಗೀರಥಮ್ಮನವರು ನೇಯ್ಗೆ ಕಲಿಸುತ್ತಿದ್ದರು. ಅವರ ಶಿಷ್ಯೆ ವಾರಿಜೆ ಆ ತಿಂಗಳಲ್ಲಿ ಮೂರನೆಯ ಸಲ ಹಾಸಿಗೆ ಹಿಡಿದಿದ್ದಳು.

ಅವಳಿಗಿದ್ದ ಕಾಯಿಲೆಗಳೂ ಮೂರು. ಬೆರಳ ಗಂಟುಗಳು ಊದಿಕೊಳ್ಳುತ್ತಿದ್ದವು. ಥೈರಾಯ್ಡ್ ಸೋತು ಮೈ ಜಡವಾಗುತ್ತಿತ್ತು. ಕರುಳಿಗೆ ಗೋಧಿ ಸೇರುತ್ತಿರಲಿಲ್ಲ. ಮೂರಕ್ಕೂ ವೈದ್ಯರು ಹೇಳಿದ ಕಾರಣ ಒಂದೇ: ಮೈಯನ್ನು ಕಾಯಬೇಕಾದ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ತಿಳಿದು ಬಡಿಯುತ್ತಿದ್ದಾನೆ.

ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂಬುದನ್ನು ಅವಳು ವೈದ್ಯರನ್ನು ಕೇಳಿ, ವರ್ಷವಿಡೀ ಬರೆದಿಟ್ಟು, ಕಂಡುಕೊಂಡಿದ್ದಳು. ಅನ್ನ, ರಾಗಿ, ಹೆಸರುಬೇಳೆ, ಹೀರೇಕಾಯಿ ಒಗ್ಗುತ್ತಿದ್ದವು. ಗೋಧಿ, ಮೈದಾ ತಿನ್ನುವಂತಿರಲಿಲ್ಲ. ಪಥ್ಯ ಸರಿಯಾಗಿ ನಡೆದ ವಾರಗಳಲ್ಲಿ ಅವಳ ಲಾಳಿ ಮಗ್ಗದ ಮೇಲೆ ಮೀನಿನಂತೆ ಓಡುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಎದ್ದು, ಹಾಸಿಗೆ ಸುತ್ತಿ, ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ತಂದು ಕಟ್ಟಿದಳು. ಆಮೇಲೆ ಗುರುಗಳ ಮುಂದೆ ನಿಂತಳು.

"ಮನೆಗೆ ಹೋಗುತ್ತೇನೆ, ಅಮ್ಮ. ಈ ಬೆರಳುಗಳಿಂದ ನೇಯುವುದು ಆಗದು."

"ಮಾತ್ರೆ ತಪ್ಪಿಸಿದೆಯಾ?"

"ಇಲ್ಲ."

"ಹಾಗಾದರೆ ಏನು ತಿಂದೆ?"

ವಾರಿಜೆ ನೆಲ ನೋಡಿದಳು. "ಚಿರೋಟಿ."

"ಒಗ್ಗುವುದಿಲ್ಲವೆಂದು ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

"ಅಷ್ಟು ಆಸೆಯಾಗಿತ್ತೇ?"

"ಆಸೆಯೂ ಇರಲಿಲ್ಲ. ಅಡುಗೆಯ ನಂಜುಂಡಯ್ಯನವರು ಎಲೆಯ ಮುಂದೆ ನಿಂತು, 'ನನ್ನ ಕೈಯದು, ಒಂದೇ ಒಂದು' ಎಂದರು. ಬೇಡ ಎಂದರೆ ಎಷ್ಟು ನೊಂದುಕೊಳ್ಳುತ್ತಾರೋ ಅನ್ನಿಸಿತು."

"ಹೋದ ಸಲ?"

"ಹೋದ ಸಲ ಪೂರಿ. ಅದೂ ಅವರ ಕೈಯದೇ."

ಭಾಗೀರಥಮ್ಮನವರು ನೂಲಿನ ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರು. "ಮನೆಯಲ್ಲಿ ಬಡಿಸುವವರು ಯಾರು?"

"ಸೋದರತ್ತೆ."

"ಸುಮ್ಮನೆ ಬಿಡುತ್ತಾರೋ?"

ವಾರಿಜೆಗೆ ನಗು ಬಂತು. "ಅವರ ಮುಂದೆ ನಂಜುಂಡಯ್ಯನವರು ಏನೇನೂ ಅಲ್ಲ."

"ಸರಿ. ಹೋಗುವವಳು ಒಂದು ಕೆಲಸ ಮುಗಿಸಿ ಹೋಗು. ಭಾನುವಾರ ನೂರು ಜನ ಊಟಕ್ಕಿದ್ದಾರೆ. ಹೋಳಿಗೆ ನೀನು ಬಡಿಸಬೇಕು."

"ಹೋಳಿಗೆಯೇ? ನಾನೇ?"

"ಬಡಿಸು ಎಂದೆ, ತಿನ್ನು ಎನ್ನಲಿಲ್ಲ. ಆದ ಮೇಲೆ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದುಕೋ. ಯಾರು ಯಾರು ಬೇಡ ಎಂದರೆಂದು ನನಗೆ ಬಂದು ಹೇಳು."

ಭಾನುವಾರದ ಹೊತ್ತಿಗೆ ಬೆರಳುಗಳ ಊತ ಇಳಿದಿತ್ತು. ವಾರಿಜೆ ಸೆರಗು ಬಿಗಿದು ತಟ್ಟೆ ಹಿಡಿದಳು. ಅವಳ ಬೆನ್ನಿಗೇ ತುಪ್ಪದ ಗಿಂಡಿಯೊಂದಿಗೆ ನಂಜುಂಡಯ್ಯ.

"ನಡೀಮ್ಮ, ನಡಿ! ಹೋಳಿಗೆ ಆರಿದ ಮೇಲೆ ತುಪ್ಪ ಹಾಕಿ ಏನು ಪ್ರಯೋಜನ?"

ಒಬ್ಬ ಮುದುಕರು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದರು. "ಬೇಡ ತಾಯಿ, ಸಕ್ಕರೆ ಕಾಯಿಲೆ." ವಾರಿಜೆ ಮುಂದೆ ಹೋದಳು.

ದಪ್ಪನೆಯ ಹೆಂಗಸೊಬ್ಬರು, ಮರಿಗಳ ಮೇಲೆ ಕೋಳಿ ಕವಿಯುವಂತೆ ಎಲೆಯ ಮೇಲೆ ಬಾಗಿದರು. "ಇನ್ನೊಂದು ಹಾಕಿದರೆ ನನ್ನನ್ನು ಎಬ್ಬಿಸೋದಕ್ಕೆ ಕ್ರೇನು ತರಿಸಬೇಕಾಗುತ್ತೆ, ನೋಡಮ್ಮ!" ಸಾಲಿಗೆ ಸಾಲೇ ನಕ್ಕಿತು. ವಾರಿಜೆಯೂ ನಕ್ಕು ಮುಂದೆ ಹೋದಳು.

ಕನ್ನಡಕದ ತರುಣನೊಬ್ಬ ತಲೆಯಲ್ಲಾಡಿಸಿದ. "ಒಂದೇ ಒಂದು," ಎಂದಿತು ಅವಳ ಬಾಯಿ, ಅವಳನ್ನು ಕೇಳದೆಯೇ. ತನ್ನ ದನಿ ಥೇಟ್ ನಂಜುಂಡಯ್ಯನವರದೇ ಎಂದು ಅವಳಿಗೆ ಗಾಬರಿಯಾಯಿತು.

"ಬೇಡ ಅಕ್ಕ," ಎಂದ ಅವನು, ಸಾರಿನಲ್ಲಿ ಅನ್ನ ಕಲೆಸುತ್ತ. ಅಷ್ಟರಲ್ಲಿ ಆಚೆ ಎಲೆಯವರು, "ಇಲ್ಲಿ ಎರಡು ಹಾಕಮ್ಮ!" ಎಂದು ಕೂಗಿದರು. ಅವಳು ಓಡಿದಳು.

ಮೊದಲ ಪಂಕ್ತಿ ಎದ್ದಿತು. ವಾರಿಜೆ ಹೇಳಿದ ಹಾಗೆ ಮೊಣಕೈವರೆಗೆ ಕೈ ತೊಳೆದು ಗುರುಗಳ ಬಳಿಗೆ ಬಂದಳು.

"ಯಾರು ಯಾರು ಬೇಡ ಎಂದರು?"

"ಒಬ್ಬ ಮುದುಕರು. ಆ ಕ್ರೇನಿನ ಹೆಂಗಸು. ಒಬ್ಬ ಹುಡುಗ. ಇನ್ನೂ ಸುಮಾರು ಜನ ಇದ್ದರು, ಅಮ್ಮ. ಮುಖಗಳು ನೆನಪಿಲ್ಲ."

"ನಿನಗೆ ಬಹಳ ನೋವಾಗಿರಬೇಕು."

"ನೋಯುವುದಕ್ಕೆ ಪುರುಸೊತ್ತೆಲ್ಲಿತ್ತು? ಮುಂದಿನ ಎಲೆಯವರು ಕಾಯುತ್ತಿದ್ದರಲ್ಲ."

ಹೇಳಿದವಳು ಹಾಗೆಯೇ ನಿಂತಳು. ಭಾಗೀರಥಮ್ಮನವರು, "ಬಾ, ಹಸಿವಾಗಿದೆ," ಎಂದು ಹೊರಟರು.

ಎರಡನೆಯ ಪಂಕ್ತಿಯಲ್ಲಿ ಗುರು, ಶಿಷ್ಯೆ ಅಕ್ಕಪಕ್ಕ ಕುಳಿತರು. ವಾರಿಜೆಯ ಎಲೆಯಲ್ಲಿ ಅನ್ನವೂ ಹೀರೇಕಾಯಿ ತೊವ್ವೆಯೂ ಹಬೆಯಾಡುತ್ತಿದ್ದವು. ನಂಜುಂಡಯ್ಯ ಹೋಳಿಗೆಯ ತಟ್ಟೆ ಹಿಡಿದು ಬಂದರು.

ಅವಳು ಅಂಗೈಯನ್ನು ಎಲೆಗೆ ಅಡ್ಡ ಹಿಡಿದಳು. "ಬೇಡ."

"ನನ್ನ ಕೈಯದಮ್ಮ!"

"ನಿಮ್ಮ ಕೈಯ ತೊವ್ವೆ ಇನ್ನೊಂದು ಸೌಟು ಬರಲಿ. ಹೋಳಿಗೆ ಬೇಡ."

"ಒಂದೇ ಒಂದು. ಚೂರು? ಅಂಚು?"

ಅಂಗೈ ಅಲ್ಲಾಡಲಿಲ್ಲ.

"ಹೀರೇಕಾಯಿಗೆ ಏನು ಮರ್ಯಾದೆಯಪ್ಪ, ಬೀಗರ ಮರ್ಯಾದೆ!" ಎಂದು ಗೊಣಗಿದ ನಂಜುಂಡಯ್ಯ ಅಷ್ಟರಲ್ಲೇ ಮುಂದಿನ ಎಲೆಯ ಕಡೆ ತಿರುಗಿದ್ದರು. "ಅಮ್ಮನವರಿಗೆ?"

"ಅವಳದ್ದನ್ನೂ ಇಲ್ಲಿಗೇ ಹಾಕಿ," ಎಂದರು ಭಾಗೀರಥಮ್ಮನವರು. ತುಪ್ಪ ಬೀಳುವವರೆಗೆ ಕಾದು, ಹೋಳಿಗೆಯ ಮೊದಲ ತುತ್ತು ಮುರಿದರು. "ವಾರಿಜಾ, ಊಟವಾದ ಮೇಲೆ ಆ ಹಗ್ಗವನ್ನು ಮತ್ತೆ ಅಂಗಳದಲ್ಲಿ ಕಟ್ಟು. ಐದು ದಿನದಿಂದ ನನ್ನ ಸೀರೆ ದಾಸವಾಳದ ಗಿಡದ ಮೇಲೆ ಒಣಗುತ್ತಿದೆ."