ಎಂಟು ಬಿಂದಿಗೆ ನೀರು

"ಬುದ್ಧಿ, ನನ್ನ ಪೂಜೆಯಲ್ಲಿ ಏನು ಕಡಿಮೆಯಾಗಿದೆ?" ಎಂದು ಗುರುಮಲ್ಲ ಮಠದ ಗುರುಗಳನ್ನು ಕೇಳಿದ.

ಮಠದಲ್ಲಿ ಪೂಜೆಗೆ ಕೂರುತ್ತಿದ್ದ ದೊಡ್ಡಯ್ಯನವರು ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ನಿಲ್ಲುತ್ತಿದ್ದವನು ಗುರುಮಲ್ಲ. ಗುರುಗಳು ಈಗ ಪೂಜೆಯನ್ನು ಅವನಿಗೇ ವಹಿಸಿದ್ದರು.

"ದೊಡ್ಡಯ್ಯನವರು ಒಂದು ತಂಬಿಗೆ ನೀರಲ್ಲಿ ಮುಗಿಸುತ್ತಿದ್ದರು. ನಾನು ಮೂರು ಕೊಡ ಎರೆಯುತ್ತೇನೆ. ಹೂವೂ ಹೆಚ್ಚು. ಅವರೆದುರು ಕೂತವರು ಹಗುರಾಗಿ ಏಳುತ್ತಿದ್ದರು. ನನ್ನೆದುರು ಕೂತವರು ಆಕಳಿಸುತ್ತಾರೆ. ಈಗೀಗ ಬರುವುದನ್ನೇ ಬಿಡುತ್ತಿದ್ದಾರೆ."

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನದೊಂದು ಹಳೆಯ ವ್ಯಾನು. ಇಂಜಿನ್ ಹಿಂದುಗಡೆ. ಅದಕ್ಕೆ ನೀರು ಹಾಕುವ ಹಾಗಿಲ್ಲ, ಗಾಳಿಯಲ್ಲೇ ತಣ್ಣಗಾಗುವ ಇಂಜಿನ್. ಅವನು ಓಡಿಸುವನು. ಹೆಂಡತಿ ಹೆಂಗಸರ ಕೈಗೆ ಬಳೆ ತೊಡಿಸುವಳು. ಸಂತೆಯಿಂದ ಸಂತೆಗೆ ಹೀಗೇ ಇಪ್ಪತ್ತಾರು ವರ್ಷ ಹೋಯಿತು.

ಆ ವರ್ಷ ಶ್ರಾವಣದಲ್ಲಿ ಅವಳು ತೀರಿಹೋದಳು. ಹೋಗುವ ಮುಂಚೆ ಒಂದೇ ಮಾತು ಹೇಳಿದಳು. "ಹೊಳೆಯಾಚೆ ಊರಲ್ಲಿ ಒಬ್ಬಳು ಬಸುರಿ ಹುಡುಗಿ ಇದ್ದಾಳೆ. ತಾಯಿ ಇಲ್ಲ. ವಿಜಯದಶಮಿ ದಿನ ಬಳೆಶಾಸ್ತ್ರ. ಬಳೆ ನಾವೇ ತರ್ತೀವಿ ಅಂದಿದ್ದೀನಿ. ನನ್ನ ಮಾತು ಹೋಗಬಾರದು." ಆಗಲಿ ಎಂದ ಬಳೆಗಾರ.

ಆಯುಧಪೂಜೆ ಬಂತು. ಮಾರನೆಯ ದಿನವೇ ವಿಜಯದಶಮಿ. ಪ್ರತಿ ಸಲ ಆಯುಧಪೂಜೆಯ ಬೆಳಿಗ್ಗೆ ಹೆಂಡತಿ ಅವನನ್ನು ಬೂದುಗುಂಬಳಕಾಯಿ, ಚೆಂಡುಹೂವು ತರಲು ಕಳಿಸುವಳು. ಅವನು ಬರುವಷ್ಟರಲ್ಲಿ ವ್ಯಾನು ತೊಳೆದು ಫಳಫಳ ಮಾಡಿರುವಳು. ನೆಲವೆಲ್ಲ ಒದ್ದೆಯಾಗಿರುವುದು. ಈ ಸಲ ಅವಳ ಕೆಲಸ ತಾನು ಮಾಡಬೇಕು ಅಂದುಕೊಂಡ. ಅವಳಿಗಿಂತ ಒಂದು ಕೈ ಹೆಚ್ಚೇ ಮಾಡಬೇಕು ಅಂದುಕೊಂಡ. ಹೊರಗೆಲ್ಲ ತೊಳೆದ. ಹಿಂದಿನ ಬಾಗಿಲು ತೆಗೆದು ಇಂಜಿನ್ ಮೇಲೂ ಎಂಟು ಬಿಂದಿಗೆ ನೀರು ಸುರಿದ. ಅರಿಶಿನ ಕುಂಕುಮ ಹಚ್ಚಿದ. ಅಳು ಬಂತು. ಅತ್ತ.

ಬೆಳಗಾಯಿತು. ಬಳೆಯ ಪೆಟ್ಟಿಗೆ ಇಟ್ಟುಕೊಂಡು ಕೀ ತಿರುಗಿಸಿದ. ಇಂಜಿನ್ ಗರಗರ ಅಂತು, ಹತ್ತಲಿಲ್ಲ. ಪೆಟ್ರೋಲ್ ನೋಡಿದ, ಇತ್ತು. ಪ್ಲಗ್ ಬಿಚ್ಚಿ ಒರೆಸಿ ಹಾಕಿದ. ಮತ್ತೆ ತಿರುಗಿಸಿದ. ಬ್ಯಾಟರಿ ಸುಸ್ತಾಗುತ್ತಾ ಬಂತು. ಹನ್ನೆರಡರೊಳಗೆ ಶಾಸ್ತ್ರ ಮುಗಿಯಬೇಕು. ಹೊತ್ತು ಆಗಲೇ ಏರಿತ್ತು. ಓಡಿಹೋಗಿ ಮುದುಕ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದ.

ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕ. "ಏನಪ್ಪಾ, ಅರಿಶಿನ ಕುಂಕುಮ ಜೋರಾಗಿದೆ! ಇಂಜಿನ್ನ ಗಂಡನ ಮನೆಗೆ ಕಳಿಸ್ತಾ ಇದ್ದೀಯಾ?"

ಬಳೆಗಾರ ನಗಲಿಲ್ಲ. ಮೆಕ್ಯಾನಿಕ್ ಒಂದು ಪ್ಲಗ್ ಬಿಚ್ಚಿ ಕಬ್ಬಿಣಕ್ಕೆ ತಾಗಿಸಿ ನೋಡಿದ. ಕಿಡಿ ಇಲ್ಲ. ಪ್ಲಗ್ಗಿಗೆಲ್ಲ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಮುಚ್ಚಳ ತೆಗೆದ. ಒಳಗೆ ಕುಂಕುಮ ಕರಗಿದ ಕೆಂಪು ನೀರು ನಿಂತಿತ್ತು.

"ಯಾರಪ್ಪಾ ಇದಕ್ಕೆ ನೀರು ಹುಯ್ದೋರು?"

"ನಾನೇ. ನಮ್ಮವಳು ವರ್ಷಾ ವರ್ಷಾ ತೊಳೀತಿದ್ಳು. ನಾನೂ ತೊಳೆದೆ. ಅವಳಿಗಿಂತ ಕಡಿಮೆ ಏನೂ ಮಾಡಿಲ್ಲ."

"ಇಂಜಿನ್ ಮೇಲೆ ನೀರು ಹುಯ್ತಿದ್ದಳಾ ಆ ತಾಯಿ? ನೀನು ನೋಡಿದ್ದೀಯಾ?"

ಬಳೆಗಾರ ಯೋಚಿಸಿದ. ಒದ್ದೆ ನೆಲ ನೋಡಿದ್ದ. ಹೊಳೆಯುವ ವ್ಯಾನು ನೋಡಿದ್ದ. ತೊಳೆಯುವುದನ್ನು ನೋಡಿರಲಿಲ್ಲ.

"ಹಬ್ಬದ ಹಿಂದಿನ ದಿನ ನನ್ನ ಶೆಡ್ಡಿಗೆ ಬರ್ತಿದ್ಳು," ಎಂದ ಮೆಕ್ಯಾನಿಕ್. "ಒಂದು ಹಿಡಿ ಬನಿಯನ್ ವೇಸ್ಟ್ ಇಸ್ಕೊಂಡು ಹೋಗೋಳು. ಇಂಜಿನ್ನ ಒಣಬಟ್ಟೆಯಲ್ಲೇ ಒರೆಸ್ತೀನಿ ಅಣ್ಣಾ, ನೀರು ಸೋಕಿಸಲ್ಲ ಅನ್ನೋಳು. ನಿನಗೆ ಹೇಳಿರಲಿಲ್ವಾ?"

ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಮೆಕ್ಯಾನಿಕ್ ಮುಚ್ಚಳವನ್ನು ಒರೆಸಿ ಬಿಸಿಲಿಗಿಟ್ಟ. ಒಣಗಿದ ಮೇಲೆ ಹಾಕಿದ. ಮೂರನೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು.

ದಾರಿಯಲ್ಲಿ ವ್ಯಾನು ಎಲ್ಲೂ ಕೆಡಲಿಲ್ಲ. ಹೊಳೆಯ ಸೇತುವೆ ದಾಟಿದ ಮೇಲೆ ಬಳೆಗಾರನೇ ಒಂದು ಕಡೆ ನಿಲ್ಲಿಸಿಕೊಂಡ. ಪೆಟ್ಟಿಗೆ ತೆಗೆದು ಹಸಿರು ಬಳೆಗಳನ್ನು ಎಣಿಸಿಕೊಂಡ. ಹನ್ನೆರಡಾಗುವ ಮೊದಲೇ ಆ ಊರು ಸೇರಿದ. ಹುಡುಗಿ ಕೈ ಚಾಚಿಕೊಂಡು ಕಾಯುತ್ತಿದ್ದಳು. ಹಸಿರು ಬಳೆ ತೊಡಿಸುವಾಗ ಅವನ ಕೈಯಲ್ಲಿ ಎರಡು ಒಡೆದವು. ಅದನ್ನೂ ಅವನು ನೋಡಿ ಕಲಿತಿರಲಿಲ್ಲ. "ಪರವಾಗಿಲ್ಲ ಮಾವ, ನಿಧಾನಕ್ಕೆ ಹಾಕಿ," ಎಂದಳು ಹುಡುಗಿ.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲ ಕೇಳಿದ. "ಹಾಗಾದರೆ ನಾನೂ ನೀರು ಕಡಿಮೆ ಮಾಡಬೇಕೇ ಬುದ್ಧಿ?"

ಗುರುಗಳು ಅಂದರು:

"ಪೂಜೆ ಮುಗಿದ ಮೇಲೆ ದೊಡ್ಡಯ್ಯನವರು ಒಬ್ಬೊಬ್ಬರ ಹತ್ತಿರವೂ ಹೋಗಿ ಏನೋ ಕೇಳುತ್ತಿದ್ದರಲ್ಲ ಗುರುಮಲ್ಲ, ಏನು ಕೇಳುತ್ತಿದ್ದರು?"

"ಆಗ ನಾನು ಹೂವಿನ ತಟ್ಟೆ ತೊಳೆಯುತ್ತಿದ್ದೆ ಬುದ್ಧಿ, ಕೇಳಿಸಿಕೊಂಡಿರಲಿಲ್ಲ," ಎಂದ ಗುರುಮಲ್ಲ.